ಗಿರಣಿ ನಿಂತ ಮೇಲೆ

ನಿವೃತ್ತಿಯ ಹಣದಲ್ಲಿ ಭಾವ ಒಂದು ಸೆಕೆಂಡ್ ಹ್ಯಾಂಡ್ ಜರ್ಮನ್ ಕೂಪೆ ಕೊಂಡರು. ಎರಡೇ ಬಾಗಿಲು, ಕೆನೆಬಣ್ಣದ ಚರ್ಮದ ಸೀಟು. ಎಂಜಿನ್ ಓಡುತ್ತಿದೆಯೋ ಇಲ್ಲವೋ ಮುಳ್ಳು ನೋಡಿಯೇ ತಿಳಿಯಬೇಕು. ಆದರೂ ಬೆಂಗಳೂರಿನ ವೈಟ್‌ಟಾಪಿಂಗ್ ಮಾಡಿದ ಕಾಂಕ್ರೀಟ್ ರಸ್ತೆಗೆ ಇಳಿದ ಕೂಡಲೇ ಅಕ್ಕನ ಗೊಣಗಾಟ: "ಅಲ್ರೀ, ಇದೇನು ಹಿಟ್ಟಿನ ಗಿರಣೀಲಿ ಕೂತ ಹಾಗಿದೆ!"

ಅಕ್ಕನ ಕಿವಿ ಸುಳ್ಳು ಹೇಳುವುದಿಲ್ಲ. ಅಂಬಾಸಿಡರ್ ಕಾಲದಲ್ಲಿ ಟೈರಿನ ದನಿ ಯಾರಿಗೆ ಕೇಳಿಸುತ್ತಿತ್ತು? ಎಂಜಿನ್ನೇ ಎಲ್ಲವನ್ನೂ ನುಂಗಿಬಿಡುತ್ತಿತ್ತು. ಈಗ ಅದು ಬಾಯಿ ಮುಚ್ಚಿದೆ, ಟೈರು ಮಾತಿಗಿಳಿದಿದೆ. ಸಾಲದ್ದಕ್ಕೆ, ಜಾರದಿರಲೆಂದು ಕಾಂಕ್ರೀಟಿನ ಮೇಲೆ ಗೀರು ಬೇರೆ ಎಳೆದಿರುತ್ತಾರೆ.

ಟೈರಿನ ಅಂಗಡಿಯಲ್ಲಿ ಹುಡುಗ ಎರಡು ವಿದೇಶಿ ಟೈರು ಉರುಳಿಸಿಕೊಂಡು ಬಂದ. ಎರಡಕ್ಕೂ ಐರೋಪ್ಯ ಒಕ್ಕೂಟದ ಚೀಟಿ ಅಂಟಿತ್ತು. ಒಂದರಲ್ಲಿ 72 ಡೆಸಿಬೆಲ್, ಇನ್ನೊಂದರಲ್ಲಿ 69. ಮೂರು ಡೆಸಿಬೆಲ್ ಇಳಿದರೆ ಸದ್ದಿನ ಶಕ್ತಿ ಅರ್ಧಕ್ಕಿಳಿದಂತೆ. ಭಾವ ಆಗಲೇ ಜೇಬಿಗೆ ಕೈ ಹಾಕಿದ್ದರು. ಆದರೆ ಆ ಅಂಕಿ ಕಾರಿನೊಳಗಿನದಲ್ಲ. ಎಂಜಿನ್ ಆರಿಸಿ, ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ತಾನಾಗಿ ಉರುಳುವಾಗ ಏಳೂವರೆ ಮೀಟರ್ ಆಚೆಯ ಮೈಕಿಗೆ ಕೇಳಿಸಿದ್ದು. ಅಂದರೆ ರಸ್ತೆ ಬದಿ ಕಡಲೆಕಾಯಿ ಹುರಿಯುವವನ ಕಿವಿಯ ಲೆಕ್ಕ. ಸೀಟಿನಲ್ಲಿ ಕೂತ ಅಕ್ಕನ ಲೆಕ್ಕಕ್ಕೆ ಚೀಟಿಯಲ್ಲಿ ಜಾಗವೇ ಇಲ್ಲ. ನನಗಂತೂ ಅದು ನ್ಯಾಯವೆಂದೇ ತೋರಿತು.

ಒಳಗಿನ ಗುಂಯ್‌ಗುಡುವಿಕೆಯ ಕಥೆ ಬೇರೆ. ಟೈರಿನೊಳಗಿನ ಗಾಳಿ ಕೊಡ ತಟ್ಟಿದ ಹಾಗೆ ಸುಮಾರು 200 ಹರ್ಟ್ಸ್‌ನಲ್ಲಿ ಅನುರಣಿಸುತ್ತದೆ, ರಿಮ್ಮಿನ ಮೂಲಕ ಸೀಟಿನವರೆಗೂ ಬರುತ್ತದೆ. ಇದನ್ನು ಹೀರಲೆಂದು ಒಳಮೈಗೆ ಪಾಲಿಯುರಿಥೇನ್ ಸ್ಪಂಜು ಅಂಟಿಸಿದ ಟೈರುಗಳೂ ಇವೆ. ಪಂಕ್ಚರ್ ಆದರೆ ಮೊದಲು ಸ್ಪಂಜು ಕೀಳಬೇಕು, ಅಷ್ಟೇ.

ಭಾವನ ಕಾರಿನ ನಿಜವಾದ ತಂಟೆ ರನ್‌ಫ್ಲಾಟ್ ಟೈರಿನದು. ಗಾಳಿ ಪೂರ್ತಿ ಹೋದರೂ 80 ಕಿ.ಮೀ. ವೇಗ ಮೀರದೆ 80 ಕಿ.ಮೀ. ದೂರ ಹೋಗಬಹುದು ಎಂಬ ಭರವಸೆಗೆ ಅದರ ಪಕ್ಕೆಗಳನ್ನು ಬಿರುಸು ಮಾಡಿರುತ್ತಾರೆ. ಎಂದೋ ಒಂದು ದಿನ ಆಗಬಹುದಾದ ಪಂಕ್ಚರಿಗಾಗಿ ದಿನವೂ ಸೊಂಟ ಎತ್ತಿಹಾಕಿಸಿಕೊಳ್ಳಬೇಕು. ಅದನ್ನು ಬಿಡೋಣವೆಂದರೆ ಡಿಕ್ಕಿಯಲ್ಲಿ ಸ್ಟೆಪ್ನಿಯೇ ಇಲ್ಲ. ರಿಮ್ಮನ್ನು 18ರಿಂದ 17 ಇಂಚಿಗಿಳಿಸಿ 245/40ರ ಬದಲು 245/45 ಹಾಕಿದರೆ ಪಕ್ಕೆಯ ಎತ್ತರ 98ರಿಂದ 110 ಮಿ.ಮೀ.ಗೆ ಏರುತ್ತದೆ, ಚಕ್ರದ ಒಟ್ಟು ಎತ್ತರ ಹೆಚ್ಚೂಕಮ್ಮಿ ಅಷ್ಟೇ ಉಳಿಯುತ್ತದೆ, ಬ್ರೇಕಿಗೆ ತಾಗದಿದ್ದರೆ ಆಯಿತು ಎಂದೆ. "ಕಾರಿನ ಗತ್ತೇ ಹೋಗುತ್ತಲ್ಲಯ್ಯಾ!" ಎಂದರು ಭಾವ. ಮಾತು ಅಲ್ಲಿಗೆ ನಿಂತಿತು.

ಚಕ್ರದ ಸದ್ದಡಗಿಸುವ ಆಸೆ ಮೋಟಾರಿಗಿಂತ ಹಳೆಯದು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಪಡೆದಾಗ ಕೊಟ್ಟ ಕಾರಣಗಳಲ್ಲಿ ಗಾಡಿಯ ಸದ್ದು ತಗ್ಗಿಸುವುದೂ ಒಂದು. ಆಗ ಎಳೆಯುತ್ತಿದ್ದುದು ಕುದುರೆ. ಜನ ಅದನ್ನು ಮರೆತರು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಮತ್ತೆ ಕಂಡುಹಿಡಿಯಬೇಕಾಯಿತು.

ಕೊನೆಗೆ ಅದೇ 18 ಇಂಚಿಗೆ ಮೆತ್ತನೆಯ ಮಾಮೂಲಿ ಟೂರಿಂಗ್ ಟೈರು ಹಾಕಿಸಿದೆವು. ತಯಾರಿಕೆಯ ವಾರ, ವರ್ಷ ಹೇಳುವ ನಾಲ್ಕಂಕಿಯನ್ನು ಭಾವ ಕನ್ನಡಕ ಏರಿಸಿ ನಾಲ್ಕರ ಮೇಲೂ ಓದಿದರು. ಡಿಕ್ಕಿಗೆ ಪಂಕ್ಚರ್ ಕಿಟ್ಟು, ಪುಟ್ಟ ಕಂಪ್ರೆಸರ್ ಸೇರಿದವು.

ಮರುದಿನ ಸಂಜೆ ಅದೇ ವೈಟ್‌ಟಾಪಿಂಗ್ ರಸ್ತೆ. ಹಿಂದಿನ ಸೀಟಿನಲ್ಲಿ ಮಂಡಿ ಮಡಚಿಕೊಂಡು ನಾನು. ಗಿರಣಿ ನಿಂತಿತ್ತು. ಐದು ನಿಮಿಷ ಅಕ್ಕ ತುಟಿ ಬಿಚ್ಚಲಿಲ್ಲ. ಆಮೇಲೆ, "ಎಲ್ಲೋ ಕಿರ್‌ಕಿರ್ ಅಂತಿದೆಯಲ್ರೀ" ಎಂದಳು. ಬಳೆಗಳನ್ನು ಒತ್ತಿ ಹಿಡಿದು ಕಿವಿಗೊಟ್ಟಳು. ಬಳೆಯದಲ್ಲ.