ಕೊಳ್ಳು ಹರಿಯುವ ಜಾಗ

ಗಾಡಿ ನಿಂತ ಕೂಡಲೇ ನಾನು ಅಡುಗೆಕಟ್ಟೆಯ ಮೇಲೆ ಒಂದು ನಿಂಬೆಹಣ್ಣು ಇಡುತ್ತೇನೆ. ಅದು ಬಾಗಿಲ ಕಡೆ ಉರುಳಿದರೆ ಬಲಗಡೆಯ ಗಾಲಿಗಳು ತಗ್ಗಿನಲ್ಲಿವೆ ಎಂದು ಅರ್ಥ. ನಮ್ಮವರು ಕೆಳಗಿಳಿದು ಆ ಗಾಲಿಗಳ ಮುಂದೆ ಹಲಗೆ ಇಟ್ಟು, ಮತ್ತೆ ಹತ್ತಿ, ಗಾಡಿಯನ್ನು ಒಂದಡಿ ಮುಂದೆ ತರುತ್ತಾರೆ. ಹಣ್ಣು ಅಲುಗದೆ ಕುಳಿತಾಗ "ಸಾಕ್ರೀ, ನಿಂತ್ತು" ಅನ್ನುತ್ತೇನೆ. ಗ್ಯಾಸಿನ ಮೇಲೆ ನಡೆಯುವ ನಮ್ಮ ಫ್ರಿಜ್ಜಿಗೆ ಗಾಡಿ ಸಮನಾಗಿ ನಿಲ್ಲಲೇಬೇಕು. ಓರೆಯಾದರೆ ಒಳಗಿನ ಅಮೋನಿಯಾ ಸರಿಯಾಗಿ ಹರಿಯದೆ ತಂಪು ಹೋಗುತ್ತದೆ. ಎಂಜಿನ್ ಬಂದ್ ಮಾಡಿ ಅವರು ಪ್ರತಿಸಲ ಹೇಳುವುದು ಒಂದೇ ಮಾತು: "ಕೊಳ್ಳು ಹರದಂಗಾತು ನೋಡು."

ಬಂಡಿ ನಿಲ್ಲಿಸಿ, ಎತ್ತಿನ ಕೊರಳಿನ ಹಗ್ಗ ಬಿಚ್ಚಿ, ಅವನ್ನು ನೊಗದಿಂದ ಬಿಡುವುದಕ್ಕೆ ನಮ್ಮ ಕಡೆ ಕೊಳ್ಳು ಹರಿಯುವುದು ಅನ್ನುತ್ತಾರೆ. ನನ್ನ ತವರು ಗಂಗಾವತಿ ತಾಲ್ಲೂಕಿನ ಹನುಮನಹಳ್ಳಿ. ಹೊಳೆ ದಾಟಿದರೆ ಹಂಪಿ, ಈಚೆ ದಡದಲ್ಲಿ ಋಷ್ಯಮೂಕ, ಸ್ವಲ್ಪ ದೂರಕ್ಕೆ ಅಂಜನಾದ್ರಿ. ನಮ್ಮವರದು ಯಲಬುರ್ಗಾ ಸೀಮೆಯ ಒಣಭೂಮಿ. ನೀರಾವರಿಯ ಹುಡುಗಿ, ಬೆದ್ದಲು ಸೀಮೆಯ ಹುಡುಗ ಮದುವೆಯಾಗಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊಗೆ ಬಂದು ನೆಲೆಸಿದೆವು. ಅವರು ನಿವೃತ್ತರಾದ ಮರುವರ್ಷ ನಾಲ್ಕು ಮಲಗುವ ಕೋಣೆಗಳ ಮನೆ ಮಾರಿ, ಇಪ್ಪತ್ತನಾಲ್ಕು ಅಡಿ ಉದ್ದದ ಮೋಟರ್‌ಹೋಮ್ ಕೊಂಡೆವು. ಐದು ವರ್ಷದಿಂದ ಅದರಲ್ಲೇ ಸಂಸಾರ.

ಮಕ್ಕಳಿಗೆ ಇದು ಸರಿ ಬರಲಿಲ್ಲ. "ಈ ವಯಸ್ಸಿನಲ್ಲಿ ಇರುವ ಮನೆ ಬಿಟ್ಟು ಬೀದಿಗೆ ಬೀಳುವುದೇನಮ್ಮಾ?" ಎಂದು ಮಗಳು ಅತ್ತಳು. ಅವಳಿಗೆ ಆಗ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ನಮ್ಮ ಹಾಗೆಯೇ ದೊಡ್ಡ ಮನೆಗಳಲ್ಲಿ ಇಬ್ಬರೇ ಉಳಿದಿರುವ, ಇಲ್ಲಿರುವುದೋ ಊರಿಗೆ ಹೋಗುವುದೋ ಎಂದು ಪ್ರತಿ ಯುಗಾದಿಗೂ ಮಾತಾಡಿಕೊಳ್ಳುವ ಕನ್ನಡ ಸಂಘದ ಗೆಳೆಯ ಗೆಳತಿಯರಿಗೂ ಇದು ತಲುಪಲಿ.

ಮೊದಲ ಪಾಠ ಆದದ್ದು ನೀರಿನಿಂದ. ದಕ್ಷಿಣ ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದ ಜಂಬೋ ರಾಕ್ಸ್ ಎಂಬಲ್ಲಿ ತಂಗಿದ್ದೆವು. ಅಲ್ಲಿ ನಲ್ಲಿ ಇಲ್ಲ. ಬರುವ ಮೊದಲೇ ತುಂಬಿಸಿಕೊಂಡು ಬರಬೇಕು. ನಮ್ಮ ಗಾಡಿಯ ಶುದ್ಧ ನೀರಿನ ತೊಟ್ಟಿಗೆ ಹಿಡಿಯುವುದು 40 ಗ್ಯಾಲನ್, ಅಂದರೆ ಸುಮಾರು 150 ಲೀಟರು. ಅಡುಗೆ, ಸ್ನಾನದ ನೀರು ಹೋಗಿ ಬೀಳುವುದಕ್ಕೆ ಒಂದು ತೊಟ್ಟಿ, ಪಾಯಖಾನೆಯದಕ್ಕೆ ಇನ್ನೊಂದು. ನಾನು ಮನೆಯಲ್ಲಿ ಮಾಡುವ ಹಾಗೆ ಅಕ್ಕಿಯನ್ನು ನಾಲ್ಕು ನೀರಲ್ಲಿ ತೊಳೆದೆ, ನಲ್ಲಿ ಬಿಟ್ಟುಕೊಂಡೇ ಪಾತ್ರೆ ಉಜ್ಜಿದೆ. ಮೂರನೇ ದಿನ ಬೆಳಿಗ್ಗೆ ನಲ್ಲಿ ಬರೀ ಉಸಿರು ಬಿಟ್ಟಿತು. ನಮ್ಮವರು ಸಿಟ್ಟಾಗಲಿಲ್ಲ. ಯಲಬುರ್ಗಾದ ಬೇಸಿಗೆ ಉಂಡವರು ಅವರು. ಒಂದು ಲೋಟ ನೀರಿನಲ್ಲಿ ಮುಖ ತೊಳೆದು ಗಡ್ಡ ಮಾಡಿಕೊಳ್ಳುವುದನ್ನು ಕ್ಯಾಲಿಫೋರ್ನಿಯಾದಲ್ಲೂ ಮರೆತಿರಲಿಲ್ಲ. ಅಂದಿನಿಂದ ಅಕ್ಕಿ ತೊಳೆದ ನೀರಿನಲ್ಲಿ ತಟ್ಟೆ ತೊಳೆಯುತ್ತೇನೆ, ಆಮೇಲೆ ಒಂದು ಚೊಂಬು ನೀರಲ್ಲಿ ಗಲಬರಿಸುತ್ತೇನೆ. ಈಗ ಅದೇ ತೊಟ್ಟಿ ಎಂಟು ದಿನ ಬರುತ್ತದೆ.

ನೀರು ಅಳತೆಗೆ ಬಂದಾಗ ನಾವೂ ಅಳತೆಗೆ ಬಂದೆವು. ದೊಡ್ಡ ಮನೆಯಲ್ಲಿ ಅವರೊಂದು ಟಿವಿ, ನಾನೊಂದು ಟಿವಿ. ಮಾತು ಬೇಕಾದರೆ ಮಹಡಿ ಹತ್ತಬೇಕಿತ್ತು. ಇಲ್ಲಿ ಒಬ್ಬರು ಎದ್ದು ನಿಂತರೆ ಇನ್ನೊಬ್ಬರು ಕಾಲು ಮಡಚಬೇಕು. ಬೆಳಿಗ್ಗೆ ಹೊರಡುವ ಮೊದಲು ಅವರು ಒಂದೊಂದನ್ನೇ ಕೇಳುತ್ತಾರೆ, ನಾನು ಮುಟ್ಟಿ ನೋಡಿ ಹೇಳುತ್ತೇನೆ.

"ಗ್ಯಾಸ್ ಬಂದ್ ಮಾಡೀಯೇನು?"

"ಮಾಡೀನ್ರೀ."

"ಮ್ಯಾಲಿನ ಕಿಂಡಿ?"

"ಹಾಕೀನಿ."

"ಮೆಟ್ಲ?"

"ಒಳಗ ತಗೊಂಡೀನಿ. ನಿಮ್ಮ ಬಿಪಿ ಗುಳಗಿ?"

ಕಡೆಯ ಪ್ರಶ್ನೆ ನನ್ನದು. ಅದಕ್ಕೆ ಮೊದಲಿನ ಮೂವತ್ತೈದು ವರ್ಷದ ದಾಂಪತ್ಯದಲ್ಲಿ ದಿನಾ ಬೆಳಿಗ್ಗೆ ಇಷ್ಟು ಲಕ್ಷ್ಯವಿಟ್ಟು ಒಬ್ಬರನ್ನೊಬ್ಬರು ಕೇಳಿಕೊಂಡದ್ದು ನನಗೆ ನೆನಪಿಲ್ಲ.

ಜಂಬೋ ರಾಕ್ಸ್‌ನ ಬಂಡೆಗಳ ಬಗ್ಗೆಯೂ ಹೇಳಬೇಕು. ಸಂಜೆಯ ಬಿಸಿಲಿನಲ್ಲಿ ಅವನ್ನು ಮೊದಲ ಸಲ ಕಂಡಾಗ ಗಂಟಲು ಕಟ್ಟಿತು. ಒಂದರ ಮೇಲೊಂದು ಪೇರಿಸಿಟ್ಟ ಹಾಗಿದ್ದ ದುಂಡು ಬಂಡೆಗಳು, ನಮ್ಮೂರಿನದೇ ಕೆಂಪು ಬೂದು ಬಣ್ಣ, ಈಗ ಬಿತ್ತು ಅನ್ನುವ ಹಾಗೆ ನಿಂತ ಕಲ್ಲು. ಹನುಮನಹಳ್ಳಿಯ ಅಂಥ ಬಂಡೆಗಳು ವಾಲಿ ಸುಗ್ರೀವರ ಕಾಳಗದಲ್ಲಿ ಚೆಲ್ಲಿದ ಕಲ್ಲುಗಳೆಂದು ಅಜ್ಜಿ ಹೇಳುತ್ತಿದ್ದಳು. ಎರಡೂ ಕಡೆ ಆದದ್ದು ಒಂದೇ ಕೆಲಸ: ಗ್ರಾನೈಟ್ ಬಂಡೆಯ ಬಿರುಕುಗಳಿಗೆ ನೀರಿಳಿದು, ಮೂಲೆಗಳು ಮೊದಲು ಸವೆದು ದುಂಡಗಾಗಿ, ಸುತ್ತಲಿನ ಮಣ್ಣು ಕೊಚ್ಚಿಹೋದಾಗ ಕಲ್ಲು ಮಾತ್ರ ನಿಂತಿತು. ಜೋಶುವಾ ಟ್ರೀಯ ಶಿಲೆಗೆ ಹತ್ತು ಕೋಟಿ ವರ್ಷಕ್ಕೆ ಮೇಲ್ಪಟ್ಟ ವಯಸ್ಸು, ನಮ್ಮೂರಿನದಕ್ಕೆ ಸುಮಾರು 250 ಕೋಟಿ. ಅಂದು ರಾತ್ರಿ ಕಟಕ ರೊಟ್ಟಿ ಮುರಿದು, ಗುರೆಳ್ಳು ಚಟ್ನಿಗೆ ಎಣ್ಣೆ ಹಾಕಿಕೊಂಡು ಆ ಬಂಡೆಯ ಬುಡದಲ್ಲೇ ಕುಳಿತು ಉಂಡೆವು. ಅಜ್ಜನ ಬಂಡಿ ನೆನಪಾದದ್ದು ಆಗ.

ಹುಲಿಗೆಮ್ಮನ ಜಾತ್ರೆಗೆ ಅಜ್ಜ ಕೊಲ್ಲಾರಿ ಬಂಡಿ ಹೂಡುತ್ತಿದ್ದ. ಬಿದಿರಿನ ದಬ್ಬೆ ಬಾಗಿಸಿ ಕಟ್ಟಿದ ಕಮಾನಿನ ಮೇಲೆ ಚಾಪೆ, ಒಳಗೆ ಹುಲ್ಲು ಹಾಸಿ ಮೇಲೆ ಕೌದಿ. ಹಿಂದುಗಡೆ ಎತ್ತಿಗೆ ಕಣಕಿ, ಅಚ್ಚಿಗೆ ಕೀಲೆಣ್ಣೆ, ಕೆಳಗೆ ತೂಗುಬಿಟ್ಟ ಕಂದೀಲು. ಅಜ್ಜಿಯ ಗಂಟಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಬುತ್ತಿ. ಮೂರು ಕಲ್ಲು ಸಿಕ್ಕಲ್ಲೇ ಒಲೆ, ಬಂಡಿಯ ಕೆಳಗೇ ಹಾಸಿಗೆ. ಧಾರವಾಡ, ಬೆಳಗಾವಿ ಕಡೆಯ ರೈತರು ಭರತ ಹುಣ್ಣಿಮೆಗೆ ಉಳವಿ ಚನ್ನಬಸವೇಶ್ವರನ ಜಾತ್ರೆಗೆ ಇಂದಿಗೂ ಹೀಗೇ ಚಕ್ಕಡಿ ಕಟ್ಟಿಕೊಂಡು, ದಿನಗಟ್ಟಲೆ ದಾರಿ ಸವೆಸಿ ಕಾಡಿನೊಳಗೆ ಹೋಗುತ್ತಾರೆ. ಅಮೆರಿಕದಲ್ಲಿ 1910ರಲ್ಲಿ ಪಿಯರ್ಸ್-ಆ್ಯರೋ ಕಂಪನಿ ಹಾಸಿಗೆಯಾಗುವ ಸೀಟು, ಮಡಚುವ ಕೈತೊಳೆ ತೊಟ್ಟಿ ಇದ್ದ ಕಾರನ್ನು ಮಾಡಿತು. ಮೋಟರ್‌ಹೋಮಿನ ಚರಿತ್ರೆಯನ್ನು ಇಲ್ಲಿಯವರು ಹೆಚ್ಚಾಗಿ ಅಲ್ಲಿಂದಲೇ ಶುರು ಮಾಡುತ್ತಾರೆ. ನನಗೆ ಮಾತ್ರ ಅದು ಅಜ್ಜನ ಬಂಡಿಯಿಂದ ಶುರುವಾಗುತ್ತದೆ.

ಅಜ್ಜ ಹೊರಡುವ ಮೊದಲು ಕೇಳುತ್ತಿದ್ದುದು ದಾರಿಯನ್ನಲ್ಲ. "ಕೊಳ್ಳು ಎಲ್ಲಿ ಹರೀತೀವಿ?" ಎಂದು. ನೀರಿರಬೇಕು, ನೆರಳಿರಬೇಕು, ಕತ್ತಲಾಗುವುದರೊಳಗೆ ಮುಟ್ಟಬೇಕು, ಸುತ್ತ ನಾಲ್ಕು ಬಂಡಿ ಇರಬೇಕು. ಅದು ಗೊತ್ತಾದ ಮೇಲೆಯೇ ಎತ್ತಿಗೆ ನೊಗ.

ಆ ಮಾತಿನ ತೂಕ ನನಗೆ ತಿಳಿದದ್ದು ಅರಿಜೋನಾದ ಕ್ವಾರ್ಟ್ಜ್‌ಸೈಟ್‌ನಲ್ಲಿ. ಅಲ್ಲಿನ ಮರುಭೂಮಿಯಲ್ಲಿ ಸರ್ಕಾರಿ ಜಮೀನನ್ನು ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ದೀರ್ಘಕಾಲ ತಂಗುವವರಿಗೆ ಪರವಾನಗಿಯ ಮೇಲೆ ಬಿಡುತ್ತಾರೆ. ಉತ್ತರದ ಹಿಮಕ್ಕೆ ಬೆನ್ನು ತಿರುಗಿಸಿ ಸಾವಿರಾರು ಗಾಡಿಗಳು ಬಂದು ನಿಲ್ಲುತ್ತವೆ, ಹೆಚ್ಚಿನವು ನಿವೃತ್ತರವು. ನಮ್ಮ ಪಕ್ಕದ ಗಾಡಿಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಒಬ್ಬರೇ ಇದ್ದರು. ಮೊದಲ ದಿನವೇ ನನ್ನ ಹತ್ತಿರ ಒಂದು ಕರಾರು ಮಾಡಿಕೊಂಡರು: ಬೆಳಿಗ್ಗೆ ಎಂಟರೊಳಗೆ ತಾನು ಕಿಟಕಿಯ ಪರದೆ ಸರಿಸದಿದ್ದರೆ ನಾನು ಹೋಗಿ ಬಾಗಿಲು ಬಡಿಯಬೇಕು. ನಮ್ಮವರಿಗೆ ಜ್ವರ ಬಂದ ರಾತ್ರಿ, ನಾನು ಕರೆಯುವ ಮೊದಲೇ ದೀಪ ಕಂಡು ಬಂದು, ಮುಂಜಾವದವರೆಗೆ ನನ್ನ ಜೊತೆ ಕೂತವರು ಅವರೇ.

ಗಂಡನ ಜೊತೆ ಇಪ್ಪತ್ತು ವರ್ಷ ತಿರುಗಿದವರು ಅವರು. ಇದ್ದ ಮನೆ ಮೊದಲೇ ಮಾರಿದ್ದರು. ಗಂಡ ದಾರಿಯಲ್ಲೇ ತೀರಿಕೊಂಡರು. ಆ ಗಾಡಿ ನಡೆಸಲು ಅವರಿಗೆ ಬರುವುದಿಲ್ಲ. ಏಪ್ರಿಲ್ ಬಂದಾಗ ಯಾರಾದರೂ ನಡೆಸಿಕೊಂಡು ಹೋಗಿ ಇನ್ನೊಂದು ಕಡೆ ನಿಲ್ಲಿಸಬೇಕು. ಅಮೆರಿಕದ ಒಂದೊಂದು ರಸ್ತೆಯೂ ಅವರಿಗೆ ಗೊತ್ತು. ಎಲ್ಲಿ ನಿಲ್ಲಬೇಕೆಂಬುದನ್ನು ಮಾತ್ರ ಇಬ್ಬರೂ ಕೂಡಿ ಯಾವತ್ತೂ ಮಾತಾಡಿರಲಿಲ್ಲ. ಅವರು ಇದನ್ನು ಹೇಳಿದ ರಾತ್ರಿ ನಾವಿಬ್ಬರೂ ನಿದ್ದೆ ಮಾಡಲಿಲ್ಲ. ನಾವೂ ಮಾತಾಡಿರಲಿಲ್ಲ.

ನಡುವೆ, ನೀವು ಕೇಳುವ ಪ್ರಶ್ನೆಗಳಿಗೂ ಉತ್ತರ ಹೇಳಿಬಿಡುತ್ತೇನೆ. ನಮ್ಮ ಗಾಡಿ ಒಂದು ಗ್ಯಾಲನ್ನಿಗೆ ಒಂಬತ್ತು ಹತ್ತು ಮೈಲಿಗಿಂತ ಹೆಚ್ಚು ಓಡುವುದಿಲ್ಲ, ಆದ್ದರಿಂದ ಕಡಿಮೆ ಓಡಿಸಿ ಹೆಚ್ಚು ನಿಲ್ಲುತ್ತೇವೆ. 62 ತುಂಬಿದ ನಾಗರಿಕರಿಗೂ ಗ್ರೀನ್ ಕಾರ್ಡ್ ಇದ್ದವರಿಗೂ 80 ಡಾಲರಿಗೆ ರಾಷ್ಟ್ರೀಯ ಉದ್ಯಾನಗಳ ಆಜೀವ ಪಾಸ್ ಸಿಗುತ್ತದೆ. ಅದನ್ನು ತೋರಿಸಿದರೆ ಎಷ್ಟೋ ಸರ್ಕಾರಿ ತಂಗುದಾಣಗಳಲ್ಲಿ ಬಾಡಿಗೆ ಅರ್ಧ. ವೈದ್ಯಕೀಯದ ವಿಷಯದಲ್ಲಿ ಮೊದಲೇ ಯೋಚಿಸಿರಿ: ಹಿರಿಯರ ಸರ್ಕಾರಿ ವಿಮೆಯಾದ ಮೂಲ ಮೆಡಿಕೇರ್ ಅದನ್ನು ಒಪ್ಪುವ ಯಾವ ರಾಜ್ಯದ ವೈದ್ಯರಲ್ಲೂ ನಡೆಯುತ್ತದೆ, ಅಡ್ವಾಂಟೇಜ್ ಯೋಜನೆಗಳು ಹೆಚ್ಚಾಗಿ ಊರಿನ ಸುತ್ತಲಿನ ಆಸ್ಪತ್ರೆಗಳಿಗೆ ಕಟ್ಟಿಹಾಕಿದಂಥವು. ಕತ್ತಲಾದ ಮೇಲೆ ಗಾಡಿ ನಡೆಸಬೇಡಿರಿ. ಇಬ್ಬರಿಗೂ ನಡೆಸಲು ಬರಲಿ. ಆ ಅಜ್ಜಿಯನ್ನು ಕಂಡ ಮೇಲೆ ನಾನೂ ಕಲಿತೆ.

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದೆವು. ಹನುಮನಹಳ್ಳಿ ಬದಲಾಗಿದೆ. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಂತೆ ವಿರುಪಾಪುರಗಡ್ಡೆಯ ರೆಸಾರ್ಟುಗಳು ತೆರವಾದ ಮೇಲೆ ಪ್ರವಾಸಿಗರು ನಮ್ಮೂರು, ಸಾಣಾಪುರದ ಕಡೆ ಬರತೊಡಗಿದ್ದಾರೆ. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ನಾವಿಬ್ಬರೂ ಕೂತು ಕೂತು ಹತ್ತಿದೆವು. ಮೇಲಿಂದ ನೋಡಿದರೆ ಹೊಳೆ, ಕಟಾವಾದ ಭತ್ತದ ಗದ್ದೆ, ಬಾಳೆ ತೋಟ, ವಿಜಯನಗರದ ಕಾಲದ ಕಾಲುವೆ, ಆಚೆ ಹಂಪಿಯ ಗುಡ್ಡಗಳು. ವಾಲಿಯ ವಧೆಯಾದ ಮೇಲೆ ಸೀತೆಯನ್ನು ಹುಡುಕುವ ಅವಸರವಿದ್ದರೂ ರಾಮ ಮಳೆಗಾಲದ ನಾಲ್ಕು ತಿಂಗಳು ಆಚೆ ದಡದ ಮಾಲ್ಯವಂತದಲ್ಲೇ ನಿಂತನೆಂದು ನಮ್ಮ ಭಾಗದ ನಂಬಿಕೆ. ಚಿಕ್ಕಂದಿನಲ್ಲಿ ಅದನ್ನು ಕೇಳುವಾಗ ರಾಮ ಯಾಕೆ ತಡ ಮಾಡಿದ ಎಂದು ಬೇಸರವಾಗುತ್ತಿತ್ತು. ಈಗ ಅನ್ನಿಸುತ್ತದೆ, ಹೊರಟವನಿಗೆ ನಿಲ್ಲುವ ಕಾಲ ತಿಳಿದಿದ್ದರಿಂದಲೇ ಮುಂದಿನ ದಾರಿ ನಡೆಯಿತು.

ಇಳಿದು ಬರುವಾಗ ಕಟಾವಾದ ಗದ್ದೆಯೊಂದರಲ್ಲಿ ಕುಷ್ಟಗಿ ಕಡೆಯ ಕುರುಬರ ಹಟ್ಟಿ ಇಳಿದಿತ್ತು. ಗೊಬ್ಬರಕ್ಕಾಗಿ ಗದ್ದೆಯವರು ಕುರಿ ನಿಲ್ಲಿಸಿಕೊಳ್ಳುತ್ತಾರೆ, ರಾತ್ರಿಗಿಷ್ಟು ಎಂದು ಕಾಳೋ ಹಣವೋ ಕೊಡುತ್ತಾರೆ. ಗಂಡಸರು ಕುರಿಯ ಹಿಂದೆ ಬರುವಷ್ಟರಲ್ಲಿ ಹೆಂಗಸರು ಮುಂದೆ ಬಂದು ಮನೆ ಹೂಡಿಯಾಗಿರುತ್ತದೆ. ಕುದುರೆಯ ಮೇಲಿಂದ ಇಳಿಸಿದ ಕಂಬಳಿ, ಪಾತ್ರೆ, ಬುಟ್ಟಿಯೊಳಗೆ ಕೋಳಿಮರಿ, ಬಲೆಯೊಳಗೆ ನಿನ್ನೆ ಮೊನ್ನೆ ಹುಟ್ಟಿದ ಕುರಿಮರಿಗಳು. ಮೂರು ಕಲ್ಲಿನ ಮೇಲೆ ಹಂಚಿಟ್ಟು ರೊಟ್ಟಿ ಬಡಿಯುತ್ತಿದ್ದ ನನ್ನ ವಾರಿಗೆಯ ಹೆಣ್ಣುಮಗಳ ಪಕ್ಕ ಕೂತೆ. ಮೊಬೈಲಿನಲ್ಲಿ ನಮ್ಮ ಗಾಡಿಯ ಒಳಗನ್ನು ತೋರಿಸಿದೆ. ಒಲೆ, ಹಾಸಿಗೆ, ಕಿಟಕಿ ಎಲ್ಲವನ್ನೂ ಲಕ್ಷ್ಯಗೊಟ್ಟು ನೋಡಿದಳು. ಏನೂ ಸೋಜಿಗವೆನಿಸಲಿಲ್ಲ ಅವಳಿಗೆ. ಒಂದೇ ಪ್ರಶ್ನೆ ಕೇಳಿದಳು:

"ಮಳಿಗಾಲಕ್ಕ ಎಲ್ಲಿ ಇರ್ತೀರಕ್ಕಾ?"

ನಾನು ಅವಳನ್ನೇ ಕೇಳಿದೆ. "ನಮಗ ಊರೈತಿ. ಮಳಿ ಹಿಡಿಯೂದ್ರೊಳಗ ಊರು ಸೇರ್ತೀವಿ. ಇಲ್ಲಂದ್ರ ಕುರಿ ಉಳಿಯಂಗಿಲ್ಲ" ಎಂದಳು. ಅಷ್ಟೇ ಸರಳ. ಅಜ್ಜ ಕೇಳಿದ್ದು, ಕ್ವಾರ್ಟ್ಜ್‌ಸೈಟ್‌ನ ಅಜ್ಜಿ ಕೇಳಿಕೊಳ್ಳದೆ ಬಿಟ್ಟದ್ದು ಇದನ್ನೇ.

ನಲವತ್ತು ವರ್ಷದಿಂದ ನಾವು ವಾದಿಸುತ್ತಿದ್ದೇವೆ: ಮನೆ ಅಲ್ಲಿಯದೋ, ಇಲ್ಲಿಯದೋ. ಅದು ನನಗೀಗ ದೊಡ್ಡ ಪ್ರಶ್ನೆಯಾಗಿ ಉಳಿದಿಲ್ಲ. ಎರಡು ಹಾಸಿಗೆ, ಒಂದು ಒಲೆ, ಅಳತೆಯ ನೀರು, ಬೆಳಿಗ್ಗೆ ನನ್ನ ಪರದೆ ಸರಿಯಿತೇ ಎಂದು ನೋಡುವ ಒಂದು ಕಣ್ಣು ಇದ್ದರೆ ಯಾವ ನೆಲದಲ್ಲೂ ಮನೆಯಾಗುತ್ತದೆ. ಆದರೆ ಮೈಯಲ್ಲಿ ಬಲ ಕುಂದುವ ಮಳೆಗಾಲವೊಂದು ಎಲ್ಲರಿಗೂ ಬರುತ್ತದೆ. ಆಗ ಕೊಳ್ಳು ಎಲ್ಲಿ ಹರಿಯಬೇಕು ಎಂಬುದನ್ನು ಬಿಸಿಲಿರುವಾಗಲೇ, ಇಬ್ಬರೂ ಇರುವಾಗಲೇ ಕೂತು ಗೊತ್ತು ಮಾಡಿಕೊಳ್ಳಬೇಕು. ನನ್ನ ವಯಸ್ಸಿನವರಿಗೆ ನಾನು ಕೈಮುಗಿದು ಹೇಳುವುದು ಇಷ್ಟೇ.

ನಾವು ಗೊತ್ತು ಮಾಡಿಕೊಂಡಿದ್ದೇವೆ. ಬಗ್ಗಿ ಗಾಲಿಯ ಮುಂದೆ ಹಲಗೆ ಇಡಲು ಇಬ್ಬರಲ್ಲಿ ಒಬ್ಬರಿಗೂ ಆಗದ ದಿನ ಗಾಡಿ ಬೇರೆಯವರಿಗೆ. ಮಗಳ ಮನೆಯಿಂದ ನಾಲ್ಕು ಬೀದಿ ಆಚೆ ಮೆಟ್ಟಿಲಿಲ್ಲದ ಎರಡು ಕೋಣೆಯ ಮನೆಯೊಂದನ್ನು ಮೊನ್ನೆ ನೋಡಿ ಬಂದೆವು. ಹಿತ್ತಲಿನಲ್ಲಿ ನಿಂಬೆಗಿಡವಿತ್ತು. ಒಂದು ಹಣ್ಣು ಕಿತ್ತು ತಂದು ಅಡುಗೆಕಟ್ಟೆಯ ಮೇಲಿಟ್ಟೆ. ಮಗಳು ಏನೂ ತಿಳಿಯದೆ ನಮ್ಮಿಬ್ಬರ ಮುಖ ನೋಡಿದಳು. ಹಣ್ಣು ಇಟ್ಟಲ್ಲೇ ನಿಂತಿತು. ನಮ್ಮವರು ಅದನ್ನು ನೋಡಿ ತಲೆಯಾಡಿಸಿದರು. ಆ ಮಾತನ್ನು ಮಾತ್ರ ಇನ್ನೂ ಆಡಲಿಲ್ಲ. ಮಾರ್ಚಿನಲ್ಲಿ ಜೋಶುವಾ ಟ್ರೀಗೆ ಇನ್ನೊಮ್ಮೆ ಹೋಗುವುದಿದೆ.