ಅಕ್ಕ ಬಿಟ್ಟುಕೊಟ್ಟ ಸಂಬಳ

ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವವರು ಯಾರು? ಈ ಪ್ರಶ್ನೆ ಎದ್ದಾಗ ನಮ್ಮ ಅನೇಕ ಕುಟುಂಬಗಳಲ್ಲಿ ಎಲ್ಲರ ಕಣ್ಣೂ ಐವತ್ತು ದಾಟಿದ ಅಕ್ಕನ ಕಡೆಗೇ ತಿರುಗುತ್ತದೆ. ‘ಹೇಗೂ ನಿವೃತ್ತಿ ಹತ್ತಿರ ಬಂತು, ದೂರದ ಕೆಲಸ ಬಿಟ್ಟು ಮನೆಯ ಹತ್ತಿರ ಅರ್ಧ ದಿನದ ಕೆಲಸ ನೋಡಿಕೊಳ್ಳಲಿ’ ಎನ್ನುತ್ತೇವೆ. ಅವಳೂ ಒಪ್ಪುತ್ತಾಳೆ. ಹೋಗುವುದು ನಾಲ್ಕೈದು ವರ್ಷದ ಸಂಬಳವಷ್ಟೇ ಎಂದು ಎಲ್ಲರೂ ತಿಳಿದಿರುತ್ತಾರೆ. ಅಷ್ಟೇ ಅಲ್ಲ, ಪ್ರಿಯ ಓದುಗರೇ.

ಖಾಸಗಿ ಸಂಸ್ಥೆಗಳಲ್ಲಿ ದುಡಿಯುವವರಿಗೆ ಪ್ರಾವಿಡೆಂಟ್ ಫಂಡಿನ ಜೊತೆಗೆ ನೌಕರರ ಪಿಂಚಣಿ ಯೋಜನೆ ಬಂದದ್ದು 1995ರ ನವೆಂಬರ್ 16ರಂದು. ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳ ಪಿಂಚಣಿ. ಮೊದಲು ಇದು ಕೊನೆಯ 12 ತಿಂಗಳ ಸರಾಸರಿಯಾಗಿತ್ತು. 2014ರ ಸೆಪ್ಟೆಂಬರ್ 1ರಿಂದ ಕೊನೆಯ 60 ತಿಂಗಳದ್ದಾಯಿತು. 2022ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು.

ಒಂದು ಲೆಕ್ಕ ಹಾಕೋಣ. 2014ರ ಅಕ್ಟೋಬರಿನಲ್ಲಿ, 46ನೇ ವಯಸ್ಸಿಗೆ ಕೆಲಸಕ್ಕೆ ಸೇರಿದವಳು 12 ವರ್ಷ ದುಡಿದು 58ಕ್ಕೆ ನಿವೃತ್ತಳಾಗುತ್ತಾಳೆ. ಕೊನೆಯ ಐದು ವರ್ಷ 14,000 ರೂಪಾಯಿ ಸಂಬಳವಿದ್ದರೆ ಪಿಂಚಣಿ 2,400. ಅಮ್ಮನಿಗಾಗಿ ಆ ಐದು ವರ್ಷ 7,000ದ ಕೆಲಸಕ್ಕೆ ಇಳಿದಿದ್ದರೆ 1,200. ಮೊದಲ ಏಳು ವರ್ಷದ ಒಳ್ಳೆಯ ಸಂಬಳ ಸರಾಸರಿಗೆ ಬರುವುದೇ ಇಲ್ಲ. ಇನ್ನು 20 ವರ್ಷ ಬದುಕಿದರೆ ಅವಳಿಗೆ ತಪ್ಪುವುದು 2,88,000 ರೂಪಾಯಿ. ಬೆಲೆ ಏರಿದಂತೆ ಏರುವ ಪಿಂಚಣಿಯೂ ಇದಲ್ಲ. (ಕೆಲಸ ಬಿಡದೆ ಸಂಬಳವಿಲ್ಲದ ರಜೆ ಹಾಕಿದರೆ ಲೆಕ್ಕ ಬೇರೆ: ಸಂಬಳ ಪಡೆದ ದಿನಗಳಿಂದಲೇ ಸರಾಸರಿ ತೆಗೆಯುತ್ತಾರೆ, ಸೇವೆಯ ಅವಧಿ ಮಾತ್ರ ಕಡಿಮೆಯಾಗುತ್ತದೆ. ಇದು ಎಷ್ಟು ಜನರಿಗೆ ಗೊತ್ತು?)

ಎಲ್ಲ ದೇಶಗಳೂ ಹೀಗೆ ಎಣಿಸುವುದಿಲ್ಲ. ಅಮೆರಿಕದ ಸೋಷಿಯಲ್ ಸೆಕ್ಯುರಿಟಿಯಲ್ಲಿ ಜೀವಮಾನದ ಅತಿ ಹೆಚ್ಚು ಗಳಿಕೆಯ 35 ವರ್ಷಗಳನ್ನು ಹಿಡಿಯುತ್ತಾರೆ. ದೀರ್ಘಕಾಲ ದುಡಿದವರಿಗೆ ಕೊನೆಯ ಇಳಿತದ ಪೆಟ್ಟು ಅಷ್ಟಾಗಿ ಬೀಳದು. ಎಣಿಕೆಯ ಕ್ರಮ ಮನುಷ್ಯರೇ ಮಾಡಿದ್ದು, ಬದಲಿಸಲೂಬಹುದು. ಮುಪ್ಪಿನ ಪಿಂಚಣಿ ದುಡಿಯುವವರ ಹಕ್ಕೆಂದು ಜಗದ್ಗುರು ಎರಡನೇ ಜಾನ್ ಪಾಲರು 1981ರ ‘ಲಾಬೋರೆಮ್ ಎಕ್ಸೆರ್ಚೆನ್ಸ್’ ವಿಶ್ವಪತ್ರದಲ್ಲಿ ಬರೆದಿದ್ದಾರೆ.

ಆದರೆ ಕಾನೂನಿಗೆ ಸಂಬಳ ಇಳಿದದ್ದು ಕಾಣುತ್ತದೆ, ಏಕೆ ಇಳಿಯಿತೆಂಬುದು ಕಾಣುವುದಿಲ್ಲ. ತಮ್ಮಂದಿರಿಗೂ ತಂಗಿಯರಿಗೂ ಅದು ಚೆನ್ನಾಗಿ ಗೊತ್ತು. ಅಕ್ಕ ಮನೆಯಲ್ಲಿದ್ದುದರಿಂದಲೇ ಅವರು ತಮ್ಮ ಕೆಲಸ, ಬಡ್ತಿ, ಪಿಂಚಣಿ ಉಳಿಸಿಕೊಂಡರು. ಹೀಗಿರುವಾಗ ಅವಳ ನಷ್ಟ ತುಂಬಿಕೊಡುವುದನ್ನು ದಾನವೆನ್ನಲಾಗದು, ಅದು ಸಾಲ ತೀರಿಸಿದಂತೆ. ತಾಯಿ ತೀರಿದ ಮೇಲೆ ಮನೆ ಮಾರಿ ‘ಎಲ್ಲರಿಗೂ ಸಮಪಾಲು’ ಎನ್ನುವುದು ನ್ಯಾಯದಂತೆ ಕೇಳಿಸುತ್ತದೆ. ನನಗಂತೂ ಅದು ನ್ಯಾಯವೆನಿಸುವುದಿಲ್ಲ.

‘ಅಕ್ಕ ಪ್ರೀತಿಯಿಂದ ಮಾಡಿದಳು, ಹಣ ಕೊಟ್ಟರೆ ನೊಂದುಕೊಳ್ಳುತ್ತಾಳೆ’ ಎನ್ನುವವರಿದ್ದಾರೆ. ಅವಳ ಪ್ರೀತಿ ಸುಳ್ಳಲ್ಲ. ಅದನ್ನೇ ನೆಪ ಮಾಡಿ ಜೇಬು ಮುಚ್ಚಿಕೊಳ್ಳುವುದು ಮಾತ್ರ ಸರಿಯಲ್ಲ. ಅವಳು ರಾಜೀನಾಮೆ ಬರೆಯುವ ಮುಂಚೆಯೇ ಒಡಹುಟ್ಟಿದವರೆಲ್ಲ ಕೂತು ಅವಳ ಪಿ.ಎಫ್. ಪಾಸ್‌ಬುಕ್ ನೋಡಲಿ. ರಜೆ ಸಿಗುವುದೋ ಎಂದು ವಿಚಾರಿಸಲಿ. ಸಿಗದಿದ್ದರೆ ಯಾರು ಎಷ್ಟು ಕೊಡಬೇಕೆಂದು ಅಂದೇ ಬರೆದಿಡಲಿ, ಅವಳ ಹೆಸರಿನ ಖಾತೆಗೆ, ತಿಂಗಳು ತಿಂಗಳೂ.