ರಂಜಾನ್ ಉಪವಾಸ ಮತ್ತು ಸಕ್ಕರೆ ಕಾಯಿಲೆ

ಸಕ್ಕರೆ ಕಾಯಿಲೆಯವರು ರಂಜಾನ್ ಉಪವಾಸ ಬಿಟ್ಟರೆ ಭಕ್ತಿಗೆ ಕುಂದೇ? ಕುರ್‌ಆನಿನ 2ನೇ ಅಧ್ಯಾಯವೇ ರೋಗಿಗಳಿಗೆ, ಪ್ರಯಾಣಿಕರಿಗೆ ವಿನಾಯಿತಿ ಕೊಟ್ಟಿದೆ. ತಪ್ಪಿದ ದಿನಗಳನ್ನು ಮುಂದೆ ತುಂಬಿಕೊಡಬಹುದು. ವಾಸಿಯಾಗದ ಕಾಯಿಲೆಯಿದ್ದವರು ದಿನಕ್ಕೊಬ್ಬ ಬಡವರಿಗೆ ಊಟ ಹಾಕಬಹುದು. ಹಾಗಿದ್ದೂ ಅನೇಕರು ಉಪವಾಸ ಮಾಡಿಯೇ ತೀರುತ್ತಾರೆ. ಆ ಹಂಬಲವನ್ನು ಹಟವೆಂದು ತಳ್ಳಿಹಾಕುವುದು ಸರಿಯಲ್ಲ.

ಇಂಥವರಿಗೆ ಬೀದಿಯ ಮೆಡಿಕಲ್ ಶಾಪಿನ ಫಾರ್ಮಸಿಸ್ಟ್ ದೊಡ್ಡ ಆಸರೆ. ಗ್ಲಿಮೆಪಿರೈಡ್‌ನಂಥ ಮಾತ್ರೆ ಖಾಲಿ ಹೊಟ್ಟೆಯಲ್ಲಿ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದೆಂದು ಎಚ್ಚರಿಸಿ, ತಿಂಗಳು ಶುರುವಾಗುವ ಮುನ್ನವೇ ವೈದ್ಯರ ಬಳಿ ಕಳಿಸಬಹುದು. ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದರೆ ಉಪವಾಸ ಮುರಿಯದೆಂಬುದು ಹೆಚ್ಚಿನ ಧರ್ಮವಿದ್ವಾಂಸರ ಅಭಿಪ್ರಾಯ. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ, ಸೂರ್ಯಾಸ್ತಕ್ಕೆ ಹತ್ತೇ ನಿಮಿಷವಿದ್ದರೂ, ಉಪವಾಸ ಬಿಟ್ಟು ಸಿಹಿ ತೆಗೆದುಕೊಳ್ಳಬೇಕು. 300 ದಾಟಿದರೂ ಉಪವಾಸ ಮುಂದುವರಿಸಬಾರದು.